ಚೀಟಿ ಎಲ್ಲಿದೆ?

ಔಷಧಿ ಅಂಗಡಿಯ ಕೌಂಟರಿನಿಂದ ಓದುಗರಿಗೆ ಉತ್ತರ

ಈ ತಿಂಗಳು ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಸಿಟ್ಟಿನವು. ‘ಮೊದಲೆಲ್ಲ ಕೇಳಿದ ಮಾತ್ರೆ ಕೊಡ್ತಿದ್ರು, ಈಗ ಮೆಡಿಕಲ್‌ನವರೂ ಡಾಕ್ಟ್ರ ಥರ ಪ್ರಶ್ನೆ ಕೇಳ್ತಾರೆ’ ಅಂತ. ಚಿಕ್ಕಮಗಳೂರಿನ ಐ.ಜಿ. ರಸ್ತೆಗೆ ಹೊಂದಿಕೊಂಡ ಒಂದು ಗಲ್ಲಿಯಲ್ಲಿ ಇಪ್ಪತ್ತಾರು ವರ್ಷದಿಂದ ಅಂಥದೇ ಪ್ರಶ್ನೆ ಕೇಳುತ್ತ ನಿಂತವಳು ನಾನು. ಹಾಗಾಗಿ ಆ ಬೈಗುಳವೆಲ್ಲ ನನಗೇ ಅಂದುಕೊಂಡು ಓದಿದೆ. ಉತ್ತರ ಬರೆಯುವಾಗ ಅಷ್ಟು ಸಿಟ್ಟು ಇಲ್ಲ, ಮಳೆಗೆ ಗಿರಾಕಿಗಳು ಕಡಿಮೆ, ಕಾಫಿ ಬಿಸಿಯಾಗಿದೆ.

ಮೇಡಂ, ನಾನು ಆಲ್ದೂರು ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವ. ತೋಟದ ಕೆಲಸದವರಿರುವ ಲೈನ್ ಮನೆಯ ಎಂಟು ಜನರಿಗೆ ಬಿಪಿ, ಶುಗರ್ ಮಾತ್ರೆಗಳನ್ನು ತಿಂಗಳಿಗೊಮ್ಮೆ ಪೇಟೆಯಿಂದ ನಾನೇ ತರುವುದು. ಇಷ್ಟು ದಿನ ಹಳೇ ಚೀಟಿ ತೋರಿಸಿದರೆ ಸಾಕಿತ್ತು. ಈಗ ‘ಈ ಚೀಟಿಗೆ ಆಗಲೇ ಕೊಟ್ಟಾಗಿದೆ, ಹೊಸದು ತನ್ನಿ’ ಎಂದು ವಾಪಸ್ ಕಳಿಸುತ್ತಾರೆ. ಕೆಲಸದವರನ್ನು ಡಾಕ್ಟರ ಹತ್ತಿರ ಕರೆದೊಯ್ದರೆ ಅವರ ಒಂದು ದಿನದ ಕೂಲಿ ಹೋಯಿತು. ಇದು ಕಾನೂನೋ, ಅಂಗಡಿಯವರ ಹಠವೋ?

ಕಾನೂನೇ, ರೈಟರೇ. ಇಷ್ಟು ದಿನ ಕೊಟ್ಟಿದ್ದು ಸಲಿಗೆ.

ಬಿಪಿ, ಶುಗರ್ ಮಾತ್ರೆಗಳಲ್ಲಿ ಹೆಚ್ಚಿನವು ಶೆಡ್ಯೂಲ್ ಎಚ್ ಎಂಬ ಪಟ್ಟಿಯಲ್ಲಿವೆ. ಅಂದರೆ ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. 1945ರ ಔಷಧ ನಿಯಮಗಳಲ್ಲಿ 65ನೆಯದು ನಮ್ಮ ಕೌಂಟರಿನ ಪಾಲಿಗೆ ಪಂಚಾಂಗ ಇದ್ದ ಹಾಗೆ. ಚೀಟಿಯಲ್ಲಿ ತಾರೀಕು, ಡಾಕ್ಟರ ಸಹಿ, ರೋಗಿಯ ಹೆಸರು ವಿಳಾಸ, ಎಷ್ಟು ಮಾತ್ರೆ, ಹೇಗೆ ತಗೊಳ್ಳಬೇಕು ಇವೆಲ್ಲ ಇರಬೇಕು ಅನ್ನುತ್ತದೆ ಅದು. ಮತ್ತೆ ಕೊಡಬಹುದು ಎಂದು ಡಾಕ್ಟರೇ ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧಿ. ಕೊಟ್ಟ ಮೇಲೆ ಅಂಗಡಿಯವರು ತಮ್ಮ ಹೆಸರು, ವಿಳಾಸ, ತಾರೀಕನ್ನು ಅದರ ಮೇಲೆ ಬರೆಯಬೇಕು. ನಿಮ್ಮ ಚೀಟಿಯ ಮೇಲೆ ಬಿದ್ದಿರುವ ಸೀಲು ಅದೇ.

ದಾರಿಯೂ ಆ ನಿಯಮದೊಳಗೇ ಇದೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ‘ತಿಂಗಳಿಗೊಮ್ಮೆಯಂತೆ ಮೂರು ಸಲ ಕೊಡಬಹುದು’ ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ. ಕೇಳಿದರೆ ಬರೆಯುತ್ತಾರೆ, ಕೇಳುವವರೇ ಇಲ್ಲ. ಇನ್ನೊಂದು ದಾರಿ ಫೋನು. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ, ತಾವು ಮೊದಲೇ ನೋಡಿದ ರೋಗಿಯನ್ನು ಫೋನಿನಲ್ಲಿ ವಿಚಾರಿಸಿ ಸಹಿ ಮಾಡಿದ ಚೀಟಿಯ ಫೋಟೋ ಕಳಿಸಲು ಡಾಕ್ಟರಿಗೆ ಅವಕಾಶವಿದೆ. ಆ ಫೋಟೋ ನನಗೆ ಚೀಟಿಯೇ. ನೀವು ನಿಮ್ಮ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡ ಮಾತ್ರೆ ಶೀಟಿನ ಫೋಟೋ ಚೀಟಿಯಲ್ಲ. ಅಂದಹಾಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಮಾತ್ರೆ ಉಚಿತ. ನಿಮ್ಮ ಕಡೆಯ ಆಶಾ ಕಾರ್ಯಕರ್ತೆಯನ್ನು ಒಮ್ಮೆ ಮಾತಾಡಿಸಿ ನೋಡಿ.

ನಿಮ್ಮ ಕಾಗದದಲ್ಲಿ ನನಗೆ ದಿಗಿಲಾದದ್ದು ಬೇರೆ ವಿಷಯ. ಎಂಟು ಜನರ ಔಷಧಿ, ತರುವವರು ಒಬ್ಬರು. ನನ್ನ ಅಂಗಡಿಗೂ ಹೀಗೇ ಒಬ್ಬ ರೈಟರ್ ಬರುತ್ತಾರೆ. ಸಂತೆ ಸಾಮಾನು ತುಂಬಿದ ಚೀಲಕ್ಕೇ ಎಲ್ಲ ಶೀಟುಗಳನ್ನೂ ಹಾಕಿಕೊಂಡು ಹೊರಡುತ್ತಿದ್ದರು. ಒಂದು ಸಲ ಕರೆದು ‘ಇದರಲ್ಲಿ ಯಾವುದು ಯಾರಿಗೆ, ಹೇಳಿ’ ಅಂದೆ. ಮೂವರದ್ದು ಸರಿ ಹೇಳಿದರು. ನಾಲ್ಕನೆಯವರಲ್ಲಿ ತಡವರಿಸಿದರು. ಅವರ ಲೈನಿನಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರಿದ್ದಾರೆ. ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಶುಗರ್. ಶುಗರ್ ಇಲ್ಲದವರು ಶುಗರ್ ಇಳಿಸುವ ಗ್ಲಿಮೆಪಿರೈಡ್ ನುಂಗಿ ಖಾಲಿ ಹೊಟ್ಟೆಯಲ್ಲಿ ಇಳಿಜಾರಿನಲ್ಲಿ ಕೆಲಸಕ್ಕೆ ನಿಂತರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಅವತ್ತಿನಿಂದ ಒಬ್ಬೊಬ್ಬರಿಗೆ ಒಂದೊಂದು ಕಾಗದದ ಕವರ್. ಮೇಲೆ ಹೆಸರು, ಗಂಡನದೋ ಅಪ್ಪನದೋ ಹೆಸರು, ಮನೆ ನಂಬರ್. ಈಗ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯವರೇ ಹೆಚ್ಚು, ಕನ್ನಡ ಬರೆದರೆ ಪ್ರಯೋಜನವಿಲ್ಲ. ಬೆಳಿಗ್ಗೆಗೆ ಗುಡ್ಡದ ಮೇಲೆ ಸೂರ್ಯ, ಮಧ್ಯಾಹ್ನಕ್ಕೆ ನೆತ್ತಿಯ ಸೂರ್ಯ, ರಾತ್ರಿಗೆ ಚಂದ್ರ. ಊಟದ ಮುಂಚೆಯಾದರೆ ಖಾಲಿ ತಟ್ಟೆ, ಆಮೇಲಾದರೆ ಅನ್ನದ ಗುಡ್ಡೆ. ‘ಆಷಾಢದಲ್ಲಿ ನಿಮ್ಮ ಊರಲ್ಲಿ ಸೂರ್ಯನೂ ಇಲ್ಲ ಚಂದ್ರನೂ ಇಲ್ಲ, ಆಗ?’ ಎಂದು ಒಬ್ಬ ಹುಡುಗಿ ಹಿಂದಿಯಲ್ಲಿ ಕೇಳಿ ನಕ್ಕಿದ್ದಳು. ನನ್ನ ಚಿತ್ರ ಅರ್ಥವಾಗಿದೆ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ನಾನು ಕಡೂರಿನ ಅಜ್ಜಿ. ಮೊಮ್ಮಗನಿಗೆ ಜ್ವರ ಎಂದು ಟಾನಿಕ್ ಕೇಳಿದರೆ ‘ಮಗು ಎಷ್ಟು ಕೆ.ಜಿ.?’ ಎಂದು ಕೇಳಿದರು. ಮಗುವೇನು ಅಡಿಕೆ ಮೂಟೆಯೇ? ನಾಲ್ಕು ಮಕ್ಕಳನ್ನು ಸಾಕಿದವಳಿಗೆ ಒಂದು ಚಮಚ ಟಾನಿಕ್ ಕುಡಿಸಲು ಬರುವುದಿಲ್ಲವೇ?

ಅಜ್ಜಿ, ನಿಮ್ಮ ಚಮಚದ ಮೇಲೇ ನನಗೆ ಅನುಮಾನ. ಬೇಜಾರು ಮಾಡಿಕೊಳ್ಳಬೇಡಿ.

ಮಕ್ಕಳ ಜ್ವರಕ್ಕೆ ಕುಡಿಸುವ ಪ್ಯಾರಾಸಿಟಮಾಲ್ ಮುಖ್ಯವಾಗಿ ಮೂರು ಥರ ಬರುತ್ತದೆ. ಹನಿ ಹಾಕುವ ಫಿಲ್ಲರ್ ಜೊತೆಗಿರುವ ಪುಟ್ಟ ಬಾಟಲಿ ಡ್ರಾಪ್ಸ್, ಅದರಲ್ಲಿ 1 ಮಿ.ಲೀ.ಗೆ 100 ಮಿ.ಗ್ರಾಂ ಔಷಧಿ. ದೊಡ್ಡ ಬಾಟಲಿಯ ಸಿರಪ್ಪಿನಲ್ಲಿ ಒಂದು ಬಗೆಗೆ 5 ಮಿ.ಲೀ.ಯಲ್ಲಿ 125 ಮಿ.ಗ್ರಾಂ, ಇನ್ನೊಂದಕ್ಕೆ 5 ಮಿ.ಲೀ.ಯಲ್ಲಿ 250. ಬಣ್ಣ ಹೆಚ್ಚುಕಡಿಮೆ ಒಂದೇ, ವಾಸನೆ ಒಂದೇ. ಚಿಕ್ಕ ಬಾಟಲಿ ಅಂದರೆ ಔಷಧಿಯೂ ಮೆತ್ತಗೆ ಅಂತ ಎಲ್ಲರ ಲೆಕ್ಕ. ಇರುವುದು ತಿರುಗುಮುರುಗು, ಆ ಚಿಕ್ಕದೇ ಗಟ್ಟಿ.

ಮಗುವಿನ ತೂಕದ ಪ್ರತಿ ಕೆ.ಜಿ.ಗೆ ಒಂದು ಸಲಕ್ಕೆ 15 ಮಿ.ಗ್ರಾಂ ಮೀರಬಾರದು. ನಿಮ್ಮ ಮೊಮ್ಮಗ 10 ಕೆ.ಜಿ. ಎಂದುಕೊಳ್ಳಿ, 150 ಮಿ.ಗ್ರಾಂ ಆಯಿತು. ಡ್ರಾಪ್ಸ್ ಆದರೆ ಒಂದೂವರೆ ಮಿ.ಲೀ., 125ರ ಸಿರಪ್ ಆದರೆ 6 ಮಿ.ಲೀ., 250ರದ್ದಾದರೆ 3 ಮಿ.ಲೀ. ಹಳೇ ಸಿರಪ್ಪಿನ ಲೆಕ್ಕ ನೆನಪಿಟ್ಟುಕೊಂಡು ಡ್ರಾಪ್ಸನ್ನು 6 ಮಿ.ಲೀ. ಕುಡಿಸಿದರೆ 600 ಮಿ.ಗ್ರಾಂ ಹೊಟ್ಟೆಗೆ ಹೋಯಿತು, ನಾಲ್ಕು ಪಟ್ಟು. ಹೀಗೇ ಎರಡು ದಿನ ನಡೆದರೆ ಪೆಟ್ಟು ಬೀಳುವುದು ಲಿವರಿಗೆ. ಆಮೇಲೆ ಜ್ವರದ ಮಾತೇ ಬರುವುದಿಲ್ಲ.

ಅನುಮಾನವಿದ್ದರೆ ಒಂದು ಕೆಲಸ ಮಾಡಿ. ಮನೆಯ ಚಮಚಗಳನ್ನೆಲ್ಲ ಸಾಲಾಗಿಟ್ಟು, ಬಾಟಲಿಯ ಜೊತೆ ಬಂದ ಅಳತೆ ಮುಚ್ಚಳದಲ್ಲಿ 5 ಮಿ.ಲೀ. ನೀರು ಅಳೆದು ಒಂದೊಂದಕ್ಕೂ ಹೊಯ್ಯಿರಿ. ನಾನು ಮಾಡಿ ನೋಡಿದ್ದೇನೆ. ಒಂದರಲ್ಲಿ ಚೆಲ್ಲಿತು, ಉಪ್ಪಿನಕಾಯಿ ಭರಣಿಯ ಚಮಚದಲ್ಲಿ ತಳವೂ ತುಂಬಲಿಲ್ಲ. ಒಂದು ಡೋಸಿಗೂ ಇನ್ನೊಂದಕ್ಕೂ ನಾಲ್ಕರಿಂದ ಆರು ಗಂಟೆ ಅಂತರ ಇರಲಿ, ದಿನಕ್ಕೆ ನಾಲ್ಕು ಸಲ ಮೀರದಿರಲಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಟಾನಿಕ್ ಬೇಡ, ನೇರ ಡಾಕ್ಟರ ಹತ್ತಿರ. ಜೊತೆಗೆ ನೆಗಡಿ ಸಿರಪ್ಪೂ ಕೇಳಬೇಡಿ. ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್ ಕೂಡಿದ್ದನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು 2023ರ ಡಿಸೆಂಬರಿನಲ್ಲೇ ಕೇಂದ್ರದ ಔಷಧ ನಿಯಂತ್ರಕರು ಹೇಳಿದ್ದಾರೆ.

ಬೇಲೂರಿನಿಂದ ಬರೆಯುತ್ತಿದ್ದೇನೆ, ನಿವೃತ್ತ ಮೇಷ್ಟ್ರು. ನಿದ್ದೆ ಮಾತ್ರೆ ಕೊಳ್ಳುವಾಗ ಅಂಗಡಿಯವರು ದಪ್ಪ ಪುಸ್ತಕದಲ್ಲಿ ನನ್ನ ಹೆಸರು, ಡಾಕ್ಟರ ಹೆಸರು ಬರೆದುಕೊಂಡರು. ನನ್ನ ಮೇಲೆ ಯಾರಿಗಾದರೂ ವರದಿ ಹೋಗುತ್ತದೆಯೇ?

ಇಲ್ಲ ಮೇಷ್ಟ್ರೇ, ನಿಶ್ಚಿಂತೆಯಾಗಿರಿ. ಅದು ಶೆಡ್ಯೂಲ್ ಎಚ್1 ಎಂಬ ಪಟ್ಟಿಯ ಔಷಧಿಗಳ ಪುಸ್ತಕ. 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅಲ್ಪ್ರಜೋಲಮ್, ಡಯಾಜೆಪಾಮ್, ಜೋಲ್ಪಿಡೆಮ್‌ನಂಥ ನಿದ್ದೆ-ಆತಂಕದ ಮಾತ್ರೆಗಳು, ಕ್ಷಯದ ಔಷಧಿಗಳು, ಸೆಫಿಕ್ಸಿಮ್, ಲಿವೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್‌ಗಳು ಆ ಪಟ್ಟಿಯಲ್ಲಿವೆ. ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟೆವು ಎಂದು ಬರೆದು ಮೂರು ವರ್ಷ ಕಾಪಾಡಬೇಕು. ಔಷಧ ನಿರೀಕ್ಷಕರು ಬಂದರೆ ಮೊದಲು ಕೇಳುವುದೇ ಅದನ್ನು. ಅವರು ತಾಳೆ ನೋಡುವುದು ನನ್ನ ಖರೀದಿ ಬಿಲ್ಲಿಗೂ ಮಾರಾಟಕ್ಕೂ, ನಿಮ್ಮ ನಿದ್ದೆಗಲ್ಲ. ಆ ಪುಟವನ್ನು ಪಕ್ಕದ ಗಿರಾಕಿ ಇಣುಕದ ಹಾಗೆ ಮುಚ್ಚಿಡುವುದು ನಮ್ಮ ಕೆಲಸ. ಕೆಲವರು ತೆರೆದೇ ಇಡುತ್ತಾರೆ. ಕಂಡರೆ ಮುಚ್ಚಿಡಿ ಎಂದು ಹೇಳಿ, ನಿಮ್ಮಂಥ ಮೇಷ್ಟ್ರು ಹೇಳಿದರೆ ಕೇಳುತ್ತಾರೆ.

ಈ ಪುಸ್ತಕದ ಗೊಡವೆ ಬೇಡ ಎಂದು ಮಾತ್ರೆಯನ್ನು ದಿಢೀರ್ ನಿಲ್ಲಿಸಬೇಡಿ. ಬಹಳ ದಿನ ತಗೊಂಡವರು ಒಮ್ಮೆಲೇ ಬಿಟ್ಟರೆ ಕೈ ನಡುಕ, ನಿದ್ದೆಗೇಡು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಬಿಡುವುದಾದರೆ ಡಾಕ್ಟರಿಗೆ ಹೇಳಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಚನ್ನರಾಯಪಟ್ಟಣದ ಹತ್ತಿರ ನಮ್ಮದು ನಾಲ್ಕು ಹಸು. ಕರು ಸತ್ತ ಮೇಲೆ ಒಂದು ಹಸು ಹಾಲು ಇಳಿಸುತ್ತಿಲ್ಲ. ‘ಹಾಲಿನ ಇಂಜೆಕ್ಷನ್’ ಕೇಳಿದರೆ ಮೆಡಿಕಲ್‌ನವರು ಕಳ್ಳನನ್ನು ನೋಡಿದ ಹಾಗೆ ನೋಡಿದರು.

ನೀವು ಕೇಳಿದ್ದು ಆಕ್ಸಿಟೋಸಿನ್. ಹೆರಿಗೆ ಸಮಯದಲ್ಲಿ ಹೆಂಗಸರಿಗೂ, ಪಶುವೈದ್ಯರ ಕೈಯಲ್ಲಿ ದನಕ್ಕೂ ಬೇಕಾದ ಔಷಧಿ. ಚೀಟಿ ಇಲ್ಲದೆ ಕೊಡುವಂತಿಲ್ಲ. ದಿನಾ ಹಾಲಿಗೋಸ್ಕರ ಚುಚ್ಚಿ ಹಸುವಿನ ಆರೋಗ್ಯ ಕೆಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಅಪರಾಧ. ಪಶು ಆಸ್ಪತ್ರೆಗೆ ಫೋನ್ ಮಾಡಿ, ಬಂದು ನೋಡಲಿ. ಅಲ್ಲಿಯವರೆಗೆ ಕೆಚ್ಚಲಿಗೆ ಬಿಸಿನೀರಿನ ಬಟ್ಟೆ ಒತ್ತಿ, ದಿನಾ ಕರೆಯುವ ಕೈಯೇ ಕರೆಯಲಿ. ಇದು ನನ್ನ ತವರಿನಲ್ಲಿ ನೋಡಿದ್ದು, ಡಿ.ಫಾರ್ಮ, ಅಂದರೆ ಫಾರ್ಮಸಿ ಡಿಪ್ಲೊಮಾದಲ್ಲಿ ಓದಿದ್ದಲ್ಲ.

ಡಾಕ್ಟರು ಒಂದು ಕಂಪನಿ ಬರೆದರೆ ಅಂಗಡಿಯವರು ‘ಅದೇ ಸಾಲ್ಟ್, ಒಳಗಿನ ಔಷಧಿ ಒಂದೇ’ ಎಂದು ಬೇರೆ ಕಂಪನಿಯದು ಕೊಡುತ್ತಾರೆ. ಜನೌಷಧಿಯಲ್ಲಿ ಅದೇ ಕಡಿಮೆ ಬೆಲೆಗೆ ಸಿಗುತ್ತದಂತೆ. ಯಾವುದು ಸರಿ? — ತರೀಕೆರೆಯ ಗೃಹಿಣಿ

ಸುಮ್ಮನೆ ಬದಲಿಸುವುದು ಸರಿಯಲ್ಲ. ಶೆಡ್ಯೂಲ್ ಎಚ್ ಔಷಧಿಯ ಚೀಟಿಗೆ, ಸಾಲ್ಟ್ ಒಂದೇ ಆಗಿದ್ದರೂ, ಬರೆದದ್ದನ್ನು ಬಿಟ್ಟು ಬೇರೆ ಕೊಡುವಂತಿಲ್ಲ ಎಂದು ಅದೇ 65ನೇ ನಿಯಮ ಹೇಳುತ್ತದೆ. ನಾನಾದರೆ ಗಿರಾಕಿಯ ಎದುರಿಗೇ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಅವರು ಒಪ್ಪಿದರೆ ಚೀಟಿಯ ಮೇಲೆ ಬರೆದಿಡುತ್ತೇನೆ. ಫೋನ್ ಎತ್ತದಿದ್ದರೆ ಇನ್ನೊಂದು ಅಂಗಡಿ ತೋರಿಸುತ್ತೇನೆ. ವ್ಯಾಪಾರ ಹೋಗುತ್ತದೆ, ಹೌದು.

ಜನೌಷಧಿಯ ಮಾತ್ರೆ ಕಳಪೆ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಅದು ಹೊಟ್ಟೆಕಿಚ್ಚು. ಕಂಪನಿ ಹೆಸರಿನ ಬದಲು ಔಷಧಿಯ ಹೆಸರನ್ನೇ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ, ಆಮೇಲೆ ಎಲ್ಲಿ ಬೇಕಾದರೂ ಕೊಳ್ಳಿ. ಥೈರಾಯ್ಡ್ ಮತ್ತು ಫಿಟ್ಸ್ ಮಾತ್ರೆ ಮಾತ್ರ ತಿಂಗಳಿಗೊಂದು ಕಂಪನಿ ಬದಲಿಸಬೇಡಿ, ಒಂದಕ್ಕೆ ಹೊಂದಿಕೊಂಡರೆ ಅದರಲ್ಲೇ ಇರಿ. ಮತ್ತೆ, ಪೂರ್ತಿ ಶೀಟು ತಗೊಳ್ಳಲೇಬೇಕು ಎಂದರೆ ಒಪ್ಪಬೇಡಿ. ಬಿಡಿ ಮಾತ್ರೆಗೆ ಶೀಟಿನ ಬೆಲೆಯ ಲೆಕ್ಕಕ್ಕಿಂತ ಹೆಚ್ಚು ತಗೊಳ್ಳುವಂತಿಲ್ಲ ಎಂದು 2013ರ ಬೆಲೆ ನಿಯಂತ್ರಣ ಆದೇಶದಲ್ಲಿದೆ. ಕತ್ತರಿಸುವಾಗ ಎಕ್ಸ್‌ಪೈರಿ ತಾರೀಕಿರುವ ತುದಿ ನಿಮ್ಮ ತುಂಡಿನಲ್ಲಿ ಇದೆಯೋ ನೋಡಿ. ಇಲ್ಲದಿದ್ದರೆ ಬಿಲ್ಲಿನಲ್ಲಿರುವುದನ್ನು ಕವರಿನ ಮೇಲೆ ಬರೆಸಿಕೊಳ್ಳಿ.

ಅಕ್ಕ, ನಾನು ಹಾಸನದಲ್ಲಿ ಡಿ.ಫಾರ್ಮ ಮುಗಿಸಿ ಈಗಷ್ಟೇ ನೋಂದಣಿ ಮಾಡಿಸಿದ್ದೇನೆ. ಅಣ್ಣನ ಸ್ನೇಹಿತರೊಬ್ಬರು ಮೆಡಿಕಲ್ ತೆರೆಯುತ್ತಿದ್ದಾರೆ. ನನ್ನ ಸರ್ಟಿಫಿಕೇಟ್ ಗೋಡೆಗೆ ಹಾಕಿಕೊಂಡು ತಿಂಗಳಿಗೆ ನಾಲ್ಕು ಸಾವಿರ ಕೊಡುತ್ತಾರಂತೆ, ನಾನು ಹೋಗಬೇಕಿಲ್ಲ. ಅಲ್ಲಿರುವ ಹುಡುಗನಿಗೆ ಹತ್ತು ವರ್ಷದ ಅನುಭವ, ಎಲ್ಲ ಕಂಪನಿ ಹೆಸರೂ ಬಾಯಿಪಾಠ. ಎಲ್ಲರೂ ಮಾಡುವುದೇ ಅಲ್ಲವೇ?

ಬೇಡ ತಮ್ಮಾ. ಎಲ್ಲರೂ ಮಾಡುವುದಿಲ್ಲ, ಮಾಡುವವರು ಇದ್ದಾರೆ.

1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ನೀನು ಓದಿಯೇ ಪಾಸಾಗಿದ್ದೀಯ. ಡಾಕ್ಟರ ಚೀಟಿಗೆ ಔಷಧಿ ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟನಿಗೆ ಮಾತ್ರ. ಗೋಡೆಯ ಮೇಲಿನ ಚೌಕಟ್ಟಿಗಲ್ಲ. ಅಲ್ಲಿ ಹೆಚ್ಚುಕಡಿಮೆಯಾದರೆ ಮೊದಲು ಹುಡುಕುವುದು ಚೌಕಟ್ಟಿನಲ್ಲಿರುವ ಹೆಸರನ್ನು. 36ನೇ ಸೆಕ್ಷನ್ ಪ್ರಕಾರ ಫಾರ್ಮಸಿಸ್ಟರ ರಿಜಿಸ್ಟರಿನಿಂದ ನಿನ್ನ ಹೆಸರು ಹೊಡೆದುಹಾಕಬಹುದು. ನಾಲ್ಕು ಸಾವಿರಕ್ಕೆ ಇಡೀ ಜೀವನದ ಅನ್ನ ಅಡ ಇಟ್ಟ ಹಾಗೆ.

ಇದು ಕಾನೂನಿನ ಮಾತು. ಇನ್ನೊಂದು ನನ್ನದೇ ಮಾತು, ಹೇಳಲು ಈಗಲೂ ನಾಚಿಕೆ.

ಅಂಗಡಿ ಹಿಡಿದು ಮೂರನೇ ಮಳೆಗಾಲ. ಸಂಜೆ ಕರೆಂಟ್ ಹೋಗಿತ್ತು, ಮೇಣದಬತ್ತಿ ಹಚ್ಚಿಕೊಂಡು ವ್ಯಾಪಾರ. ಒಬ್ಬ ಹುಡುಗ ಒದ್ದೆಯಾದ ಚೀಟಿ ತಂದ. ‘ಮೆಟ್’ ಎಂದು ಶುರುವಾಗಿ ಆಮೇಲೆ ಗೆರೆ ಎಳೆದ ಹಾಗಿದ್ದ ಅಕ್ಷರ, ಮುಂದೆ 500, ದಿನಕ್ಕೆ ಮೂರು. ನಾನು ಮೆಟ್‌ಫಾರ್ಮಿನ್ ಕೊಟ್ಟೆ, ಶುಗರ್ ಮಾತ್ರೆ. ಡಾಕ್ಟರು ಬರೆದಿದ್ದು ಮೆಟ್ರೊನಿಡಜೋಲ್, ಭೇದಿಗೆ. ನನ್ನ ರ‍್ಯಾಕಿನಲ್ಲಿ ಎರಡೂ ಅಕ್ಕಪಕ್ಕ, ಎರಡೂ 500. ಮಾರನೇ ದಿನ ಬೆಳಿಗ್ಗೆ ಆ ಮನೆಯ ಮಗಳು ಶೀಟು ಹಿಡಿದು ಬಂದಳು. ‘ಅಕ್ಕ, ಪಕ್ಕದ ಮನೆಯವರು ಇದು ಶುಗರ್ ಮಾತ್ರೆ ಅಂತಾರೆ, ಅಪ್ಪಂಗೆ ಶುಗರೇ ಇಲ್ಲವಲ್ಲ.’ ಶೀಟಿನಲ್ಲಿ ಎರಡು ಗುಳಿ ಖಾಲಿ.

ನನ್ನ ಕೈಕಾಲು ತಣ್ಣಗಾಯಿತು. ಡಾಕ್ಟರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಕೊಡೆ ಹಿಡಿದು ಅವರ ಮನೆಗೆ ಹೋದೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಶುಗರ್ ಏಕಾಏಕಿ ಕುಸಿಯುವುದು ಅಪರೂಪ, ಆದರೆ ಭೇದಿ ಹೆಚ್ಚಿಸುತ್ತದೆ. ಆ ಮುದುಕರು ರಾತ್ರಿಯಿಡೀ ಎದ್ದು ಕೂತು ಸೊರಗಿ ಹೋಗಿದ್ದರು. ಗಂಜಿಯ ಲೋಟ ಕೆಳಗಿಟ್ಟು ‘ಹೋಗ್ಲಿ ಬಿಡಮ್ಮಾ’ ಎಂದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವತ್ತೇ ಆ ಎರಡನ್ನೂ ಬೇರೆ ಬೇರೆ ರ‍್ಯಾಕಿಗೆ ಎತ್ತಿಟ್ಟೆ. ಮಾತ್ರೆ ಕೈಗೆ ಕೊಡುವ ಮುಂಚೆ ‘ಯಾತಕ್ಕೆ ಕೊಟ್ಟಿದ್ದಾರೆ?’ ಎಂದು ಕೇಳುವುದು ಶುರುವಾಯಿತು. ಅವತ್ತು ಕೇಳಿದ್ದರೆ ಆ ಹುಡುಗ ‘ಅಜ್ಜಂಗೆ ಭೇದಿ’ ಅನ್ನುತ್ತಿದ್ದ, ನನ್ನ ಕೈ ಅಲ್ಲೇ ನಿಲ್ಲುತ್ತಿತ್ತು. ಚೀಟಿ ಓದಲಾಗದಿದ್ದರೆ ಊಹಿಸುವುದಿಲ್ಲ, ಡಾಕ್ಟರಿಗೆ ಫೋನ್, ಅವರು ಎಷ್ಟು ಸಿಡುಕಿದರೂ.

ಓದಿದವಳು, ಎದುರಿಗೇ ನಿಂತವಳು, ಆದರೂ ತಪ್ಪಿದೆ. ನಿನ್ನ ಆ ಹುಡುಗನಿಗೆ ಹೆಸರು ಗೊತ್ತು, ಸರಿ. ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ಬರೆದ ಚೀಟಿ ಬಂದರೆ? ಅದು ವಾರಕ್ಕೊಂದು ದಿನ ಮಾತ್ರ ತಗೊಳ್ಳುವ ಮಾತ್ರೆ. ‘ದಿನಕ್ಕೊಂದು’ ಎಂದು ಹೇಳಿ ಕಳಿಸಿದರೆ ಬಾಯಿ ಹುಣ್ಣಿನಿಂದ ಶುರುವಾಗಿ ರಕ್ತಕಣಗಳು ಇಳಿದು ಜೀವಕ್ಕೇ ಬರುತ್ತದೆ. ನಾನು ಕವರಿನ ಮೇಲೆ ‘ಭಾನುವಾರ ಮಾತ್ರ’ ಎಂದು ಕೆಂಪಿನಲ್ಲಿ ಬರೆದು, ಅವರ ಬಾಯಿಂದ ಒಮ್ಮೆ ಹೇಳಿಸಿ ಕಳಿಸುತ್ತೇನೆ.

ಹಾಸನದಲ್ಲೇ ಯಾವುದಾದರೂ ಆಸ್ಪತ್ರೆಯ ಫಾರ್ಮಸಿಯಲ್ಲಿ ಒಂದು ವರ್ಷ ನಿಂತು ಕಲಿ. ಸಂಬಳ ಕಡಿಮೆ, ಕಾಲು ನೋವು ಜಾಸ್ತಿ. ಅಣ್ಣನಿಗೆ ಹೇಳಲು ಮುಜುಗರವಾದರೆ ಈ ಪುಟ ತೋರಿಸು.

ಮೂಡಿಗೆರೆಯಲ್ಲಿ ಹಾಸ್ಟೆಲ್ ಹುಡುಗರಿಗೆಲ್ಲ ತೊಡೆಸಂದಿಯಲ್ಲಿ ಹುಳುಕಡ್ಡಿ. ಒಂದು ಟ್ಯೂಬ್ ಹಚ್ಚಿದರೆ ನಾಲ್ಕೇ ದಿನದಲ್ಲಿ ಮಾಯ, ಬಿಟ್ಟರೆ ಇಮ್ಮಡಿ. ಏಕೆ?

ಟ್ಯೂಬಿನ ಮೇಲೆ ಬೀಟಾಮೆಥಾಸೋನ್ ಅಥವಾ ಕ್ಲೊಬೆಟಸಾಲ್ ಎಂದಿದೆಯೋ ನೋಡು. ಅದು ಸ್ಟೆರಾಯ್ಡ್. ಕೆರೆತ, ಕೆಂಪು ಇಳಿಸುತ್ತದೆ, ಅಡಿಯಲ್ಲಿ ಬೂಸ್ಟು ಆರಾಮಾಗಿ ಹಬ್ಬುತ್ತದೆ. ಇಂಥ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು 2018ರಲ್ಲೇ ಬಿಗಿ ಮಾಡಿದರು. ನಮ್ಮವರೇ ಕೊಡುತ್ತಾರೆ ಎನ್ನುವುದು ನಮ್ಮ ತಪ್ಪು. ಟ್ಯೂಬ್ ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಿ, ಅವರು ಹೇಳಿದಷ್ಟು ವಾರ ಔಷಧಿ ಬಿಡಬೇಡಿ. ಈ ಮಳೆಗೆ ಬಟ್ಟೆ ಒಣಗದಿದ್ದರೆ ಒಳಚಡ್ಡಿಗೂ ಇಸ್ತ್ರಿ ಹಾಕಿ, ಟವೆಲ್ ಹಂಚಿಕೊಳ್ಳಬೇಡಿ.

ಕೊಟ್ಟಿಗೆಹಾರದಲ್ಲಿ ಮೂರು ದಿನದಿಂದ ಕರೆಂಟ್ ಇಲ್ಲ. ಫ್ರಿಜ್ಜಿನಲ್ಲಿದ್ದ ಇನ್ಸುಲಿನ್ ಎಸೆಯಬೇಕೇ? ಐಸ್ ತಂದು ಅದರ ಮೇಲಿಡಲೇ? — ಎಪ್ಪತ್ತರ ಗೃಹಿಣಿ

ಅಮ್ಮಾ, ಎಸೆಯಬೇಡಿ, ಐಸಂತೂ ಬೇಡವೇ ಬೇಡ. ಬಿಸಿಲಿಗಿಂತ ಇನ್ಸುಲಿನ್ನಿಗೆ ಹೆದರಿಕೆ ಹೆಪ್ಪುಗಟ್ಟುವುದಕ್ಕೆ. ಒಮ್ಮೆ ಗಡ್ಡೆಯಾದರೆ ಕರಗಿದ ಮೇಲೂ ಕೆಲಸಕ್ಕೆ ಬಾರದು. ತೆರೆಯದ ಬಾಟಲಿಯ ಜಾಗ 2ರಿಂದ 8 ಡಿಗ್ರಿ, ಫ್ರಿಜ್ಜಿನಲ್ಲಿ, ಫ್ರೀಜರಿನಲ್ಲಲ್ಲ. ಬಳಸುತ್ತಿರುವ ಬಾಟಲಿ ತಂಪು ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ತಡೆಯುತ್ತದೆ, ನಿಮ್ಮ ಊರಿನ ಜುಲೈ ಚಳಿಯಲ್ಲಿ ಚಿಂತೆಯಿಲ್ಲ. ಬಾಟಲಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗಿಡಿ. ಅಡುಗೆಮನೆಯ ಒಲೆ ಹತ್ತಿರ ಬೇಡ. ತಿಳಿಯಾಗಿರಬೇಕಾದ್ದು ಮಬ್ಬಾಗಿದ್ದರೆ, ಅಥವಾ ಹಾಲಿನ ಬಣ್ಣದ್ದು ಅಂಗೈಯಲ್ಲಿ ಉರುಳಿಸಿದರೂ ಗಂಟುಗಂಟಾಗಿ ಉಳಿದರೆ ಬಳಸಬೇಡಿ. ಬಾಟಲಿ ತೆರೆದ ತಾರೀಕು ಲೇಬಲ್ ಮೇಲೆ ಬರೆದಿದ್ದೀರಾ? ಬರೆದಿಲ್ಲದಿದ್ದರೆ ಮೊಮ್ಮಕ್ಕಳ ಕೈಲಿ ಪೆನ್ನು ತರಿಸಿ ಈಗಲೇ ಬರೆದಿಡಿ. ಮುಂದಿನ ಸಲ ಪೇಟೆಗೆ ಬಂದಾಗ ಆ ಬಾಟಲಿಯನ್ನು ಯಾವ ಅಂಗಡಿಯಲ್ಲಾದರೂ ತೋರಿಸಿ.